ಹಿರಿಯರ ಏದುಸಿರು: ಪಂಪ್ ಹಿಡಿಯುವ ಕೈ, ನಡೆಯುವ ಕಾಲು

“ವಯಸ್ಸಾಯ್ತಲ್ಲ, ಇನ್ನೇನು.” ಅರವತ್ತೈದು ದಾಟಿದವರು ಏದುಸಿರಿನ ಮಾತೆತ್ತಿದರೆ ಮನೆಯವರು, ನೆಂಟರು, ಎಷ್ಟೋ ಸಲ ಸ್ವತಃ ಅವರೇ ಹೇಳಿಕೊಳ್ಳುವ ಸಮಾಧಾನ ಇದು. ಇದರಿಂದ ಆಗುವ ನಷ್ಟ ಸಣ್ಣದಲ್ಲ. ಮೊದಲು ಅಂಗಡಿಗೆ ಹೋಗುವುದು ನಿಲ್ಲುತ್ತದೆ, ಆಮೇಲೆ ದೇವಸ್ಥಾನ, ಆಮೇಲೆ ಮದುವೆ ಮುಂಜಿ. ಯಾರ ಗಮನಕ್ಕೂ ಬಾರದೆ ಬದುಕು ಒಂದು ಕೋಣೆಗೆ ಬಂದು ನಿಲ್ಲುತ್ತದೆ.

ವಯಸ್ಸಿನ ಜೊತೆ ಶ್ವಾಸಕೋಶದ ಶಕ್ತಿ ಕುಗ್ಗುವುದು ನಿಜ. ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ 25ರ ಆಸುಪಾಸಿನಲ್ಲಿ ಅತಿ ಹೆಚ್ಚಿದ್ದು, ನಂತರ ವರ್ಷಕ್ಕೆ ಸುಮಾರು 25–30 ಮಿಲಿಲೀಟರಿನಂತೆ ಇಳಿಯುತ್ತದೆ. ಆದರೆ ಆರೋಗ್ಯವಂತ ಶ್ವಾಸಕೋಶಕ್ಕೆ ಇದು ದೊಡ್ಡ ಲೆಕ್ಕವಲ್ಲ. 75ರಲ್ಲೂ ಸಮತಟ್ಟಾದ ರಸ್ತೆಯಲ್ಲಿ ನಡೆಯಲು ಬೇಕಾದಷ್ಟು ಉಳಿದಿರುತ್ತದೆ. ಓರಗೆಯವರ ಜೊತೆ ನಡೆಯುವಾಗ ಹಿಂದೆ ಬೀಳುವುದು, ತಮ್ಮದೇ ವೇಗದಲ್ಲಿ ಹೋಗುವಾಗಲೂ ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುವುದು, ಇವು ವಯಸ್ಸಿನ ಲಕ್ಷಣಗಳಲ್ಲ. ಹಿಂದೆ ಒಂದು ಕಾಯಿಲೆ ಇರುತ್ತದೆ. ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಿಗೆ ಅಡ್ಡಿಯಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರಬಹುದು, ಹಳೆಯ ಆಸ್ತಮಾ ಇರಬಹುದು, ಎಂದೋ ವಾಸಿಯಾದ ಕ್ಷಯ ಬಿಟ್ಟುಹೋದ ಗಾಯದ ಕಲೆ ಇರಬಹುದು. ಹೃದಯದ ದುರ್ಬಲತೆ, ರಕ್ತಹೀನತೆ ಕೂಡ ಹೀಗೆಯೇ ಕಾಣಿಸಿಕೊಳ್ಳುತ್ತವೆ.

ಇಲ್ಲಿ ಮುಖ್ಯವಾಗಿ ಸಿಒಪಿಡಿಯ ಬಗ್ಗೆ ಬರೆಯುತ್ತಿದ್ದೇವೆ. ಇದು ಬೀಡಿ ಸಿಗರೇಟು ಸೇದಿದವರ ಕಾಯಿಲೆ ಎಂಬ ನಂಬಿಕೆ ಅರ್ಧ ಸತ್ಯ. ಒಂದು ದಿನವೂ ಬೀಡಿ ಮುಟ್ಟದೆ, ಮೂವತ್ತು ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕೂತು ಬೇಯಿಸಿದ ಅಜ್ಜಿಯರಿಗೂ ಇದೇ ಕಾಯಿಲೆ ಬರುತ್ತದೆ. ಗಾಳಿ ಓಡಾಡುವ ಸಣ್ಣ ನಾಳಗಳು ಊದಿಕೊಂಡು ಕಿರಿದಾಗುತ್ತವೆ, ಗಾಳಿಚೀಲಗಳ ಗೋಡೆ ಸವೆದು ಬಿಗಿ ಕಳೆದುಕೊಳ್ಳುತ್ತದೆ. ಕಷ್ಟವಿರುವುದು ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದರಲ್ಲಿ. ಒಳಗಿನ ಗಾಳಿ ಪೂರ್ತಿ ಹೊರಹೋಗುವ ಮೊದಲೇ ಮುಂದಿನ ಉಸಿರು ಬರುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದಂತೆ. ಬೇಗ ಬೇಗ ನಡೆದಷ್ಟೂ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ, ಎದೆ ಉಬ್ಬಿ ನಿಲ್ಲುತ್ತದೆ. ಮುಂದೆ ಹೇಳುವ ಉಪಾಯಗಳಲ್ಲಿ ಬಹುಪಾಲು ಈ ಒಂದು ಸಂಗತಿಯ ಮೇಲೆ ನಿಂತಿವೆ.

ಖಚಿತಪಡಿಸಿಕೊಳ್ಳಲು ಸ್ಪೈರೋಮೆಟ್ರಿ, ಅಂದರೆ ಯಂತ್ರಕ್ಕೆ ಊದಿಸಿ ಉಸಿರಿನ ಗಾಳಿ ಅಳೆಯುವ ಪರೀಕ್ಷೆ, ಬೇಕು. ಎದೆಯ ಎಕ್ಸ್‌ರೇ ಚೆನ್ನಾಗಿದೆ ಎಂದ ಮಾತ್ರಕ್ಕೆ ಸಿಒಪಿಡಿ ಇಲ್ಲವೆಂದಲ್ಲ. ಶುರುವಿನಲ್ಲಿ ಎಕ್ಸ್‌ರೇ ಸಹಜವಾಗಿಯೇ ಇರುತ್ತದೆ. ಸ್ಪೈರೋಮೆಟ್ರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ, ಎದೆರೋಗ ತಜ್ಞರಿರುವ ಕಡೆಗಳಲ್ಲಿ ಸಿಗುತ್ತದೆ. ಬೆಂಗಳೂರಿನವರಿಗೆ ಸರ್ಕಾರಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯೇ ಇದೆ. ಹೋಗುವ ಮೊದಲು ಯಾವ ಪಂಪನ್ನು (ಉಸಿರಿನ ಜೊತೆ ಔಷಧ ಎಳೆದುಕೊಳ್ಳುವ ಇನ್‌ಹೇಲರನ್ನು) ಎಷ್ಟು ಗಂಟೆ ಮುಂಚೆ ನಿಲ್ಲಿಸಬೇಕು ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಹೊಟ್ಟೆ ಬಿರಿಯ ಉಂಡು ಹೋಗಬೇಡಿ. ಹಲ್ಲಿನ ಸೆಟ್ ಗಟ್ಟಿಯಾಗಿ ಕೂರುವುದಾದರೆ ಹಾಕಿಕೊಂಡೇ ಊದಲಿ, ತುಟಿ ಬಿಗಿಯಾಗಿ ಮುಚ್ಚಲು ಸುಲಭ. ಎದೆ ತುಂಬ ಉಸಿರೆಳೆದು, ಒಮ್ಮೆಗೇ ಜೋರಾಗಿ ಊದಿ, ಕನಿಷ್ಠ 6 ಸೆಕೆಂಡು ಬಿಡದೆ ಊದುತ್ತಲೇ ಇರಬೇಕು. ಹಿರಿಯರು ತಪ್ಪುವುದು ಇಲ್ಲೇ. ಎರಡು ಸೆಕೆಂಡಿಗೆ ನಿಲ್ಲಿಸಿಬಿಡುತ್ತಾರೆ, ವರದಿ ತಪ್ಪು ಬರುತ್ತದೆ. ನಾಳ ಹಿಗ್ಗಿಸುವ ಔಷಧ ಕೊಟ್ಟು 15–20 ನಿಮಿಷದ ನಂತರ ಮತ್ತೆ ಊದಿಸುತ್ತಾರೆ. ಆಗಲೂ ಮೊದಲ ಸೆಕೆಂಡಿನ ಗಾಳಿ ಒಟ್ಟು ಗಾಳಿಯ ಶೇ. 70ಕ್ಕಿಂತ ಕಡಿಮೆ ಇದ್ದರೆ ಸಿಒಪಿಡಿ ಎಂದು ಲೆಕ್ಕ. 75–80 ದಾಟಿದವರಲ್ಲಿ ಈ ಅನುಪಾತ ಕಾಯಿಲೆ ಇಲ್ಲದೆಯೂ 70ರ ಕೆಳಗೆ ಇಳಿದಿರಬಹುದು. ಹಾಗಾಗಿ ಅಂಚಿನಲ್ಲಿರುವ ವರದಿಯನ್ನು ಲಕ್ಷಣಗಳ ಜೊತೆ ಇಟ್ಟು ನೋಡುವ ವೈದ್ಯರಿಗೇ ತೋರಿಸಬೇಕು.

ಇನ್ನು ಪಂಪ್. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಔಷಧ ಬದಲಿಸಿ ಬದಲಿಸಿ ಬರೆಸಿಕೊಂಡು “ಯಾವುದೂ ನಾಟುತ್ತಿಲ್ಲ” ಎನ್ನುವವರಲ್ಲಿ ಹಲವರಿಗೆ ಔಷಧ ಎದೆಗೆ ಹೋಗಿಯೇ ಇರುವುದಿಲ್ಲ.

“ಪಂಪ್ ಅಭ್ಯಾಸವಾಗಿಬಿಡುತ್ತದೆ, ಮಾತ್ರೆಯೇ ವಾಸಿ” ಎಂಬ ಹೆದರಿಕೆ ಇನ್ನೂ ಹೋಗಿಲ್ಲ. ಲೆಕ್ಕ ನೋಡಿ. ನಾಳ ಹಿಗ್ಗಿಸುವ ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ 4 ಮಿಲಿಗ್ರಾಂ, ಅಂದರೆ 4,000 ಮೈಕ್ರೋಗ್ರಾಂ ಇರುತ್ತದೆ. ಅದೇ ಔಷಧದ ಪಂಪನ್ನು ಎರಡು ಸಲ ಒತ್ತಿದರೆ 200 ಮೈಕ್ರೋಗ್ರಾಂ. ಮಾತ್ರೆ ಇಪ್ಪತ್ತು ಪಟ್ಟು ಹೆಚ್ಚು, ಅದೂ ಇಡೀ ಮೈಗೆ ಹರಡುತ್ತದೆ. ಕೈ ನಡುಕ, ಎದೆಬಡಿತ ಬರುವುದು ಅದರಿಂದಲೇ.

ಒತ್ತುವ ಪಂಪನ್ನು ಹಿರಿಯರಿಗೆ ಬರಿಗೈಯಲ್ಲಿ ಕೊಡಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಒತ್ತುವುದು ಮತ್ತು ಎಳೆಯುವುದು ಒಂದೇ ಕ್ಷಣಕ್ಕೆ ಕೂಡಬೇಕು. ಕೂಡದಿದ್ದರೆ ಔಷಧವೆಲ್ಲ ಗಂಟಲ ಗೋಡೆಗೆ ಬಡಿದು ಅಲ್ಲೇ ಕೂರುತ್ತದೆ. ಸ್ಪೇಸರ್ ಎಂಬ ಪ್ಲಾಸ್ಟಿಕ್ ಡಬ್ಬಿ ಸೇರಿಸಿದರೆ ಈ ತಾಪತ್ರಯವಿಲ್ಲ. ನೆಟ್ಟಗೆ ಕೂತು, ಪಂಪನ್ನು ಚೆನ್ನಾಗಿ ಕುಲುಕಿ, ಮುಚ್ಚಳ ತೆಗೆದು ಸ್ಪೇಸರಿಗೆ ಸಿಕ್ಕಿಸಿ. ಉಸಿರನ್ನು ನಿಧಾನವಾಗಿ ಪೂರ್ತಿ ಬಿಟ್ಟು, ಸ್ಪೇಸರಿನ ಬಾಯನ್ನು ಹಲ್ಲುಗಳ ನಡುವೆ ಇಟ್ಟು ತುಟಿ ಮುಚ್ಚಬೇಕು. ಒಂದೇ ಸಲ ಒತ್ತಿ, ಅವಸರವಿಲ್ಲದೆ ನಾಲ್ಕೈದು ಸೆಕೆಂಡು ಎಳೆದುಕೊಂಡು, 10 ಎಣಿಸುವವರೆಗೆ ತಡೆದು ಬಿಡಬೇಕು. ಅಷ್ಟು ತಡೆಯಲು ಆಗದವರು ಸ್ಪೇಸರನ್ನು ಬಾಯಿಂದ ತೆಗೆಯದೆ ನಾಲ್ಕೈದು ಮಾಮೂಲಿ ಉಸಿರು ತೆಗೆದುಕೊಂಡರೂ ಆಯಿತು. ಎರಡನೇ ಸಲಕ್ಕೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಮತ್ತೆ ಮೊದಲಿನಿಂದ. ಎರಡು ಸಲ ಒಟ್ಟಿಗೆ ಒತ್ತಿ ಒಂದೇ ಉಸಿರಿಗೆ ಎಳೆದರೆ ಔಷಧದ ಹನಿಗಳು ಒಂದಕ್ಕೊಂದು ಅಂಟಿ ಗೋಡೆಗೆ ಕೂತು, ಒಳಗೆ ಹೋಗುವ ಪಾಲು ಕಡಿಮೆಯಾಗುತ್ತದೆ. ಬೆರಳ ಗಂಟಿನ ನೋವಿನಿಂದ ಒತ್ತಲಾಗದಿದ್ದರೆ ಪಕ್ಕದಲ್ಲಿರುವ ಸೊಸೆಯೋ ಮೊಮ್ಮಗನೋ ಒತ್ತಬಹುದು. ಸ್ಪೇಸರಿನ ದೊಡ್ಡ ಅನುಕೂಲವೇ ಅದು.

ಸ್ಪೇಸರನ್ನು ವಾರಕ್ಕೊಮ್ಮೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅದ್ದಿ ತೆಗೆದು, ಗಾಳಿಗೆ ಆರಲು ಬಿಡಿ. ಬಟ್ಟೆಯಿಂದ ಒರೆಸಬೇಡಿ. ಒರೆಸಿದರೆ ಪ್ಲಾಸ್ಟಿಕ್‌ಗೆ ಸ್ಥಿರವಿದ್ಯುತ್ ಹತ್ತಿ ಔಷಧ ಗೋಡೆಗೇ ಅಂಟುತ್ತದೆ. ಹೊಸ ಪಂಪನ್ನು, ಅಥವಾ ವಾರಗಟ್ಟಲೆ ಬಳಸದೆ ಬಿಟ್ಟದ್ದನ್ನು, ಮೊದಲು ಎರಡು ಮೂರು ಸಲ ಗಾಳಿಗೆ ಒತ್ತಿ ನೋಡಬೇಕು. ಔಷಧ ಉಳಿದಿದೆಯೇ ಎಂದು ಡಬ್ಬಿಯನ್ನು ನೀರಿನಲ್ಲಿ ತೇಲಿಸಿ ನೋಡುವ ಪದ್ಧತಿ ಬಿಡಿ, ಅದು ನಂಬುವಂಥದ್ದಲ್ಲ. ಔಷಧ ಮುಗಿದ ಮೇಲೂ ಪಂಪಿನಿಂದ ಬುಸ್ಸೆಂದು ಬರೀ ಅನಿಲ ಬರುತ್ತಿರುತ್ತದೆ. ಎಣಿಕೆ ತೋರಿಸುವ ಪಂಪ್ ಇಲ್ಲದಿದ್ದರೆ ಶುರುಮಾಡಿದ ತಾರೀಖನ್ನು ಡಬ್ಬಿಯ ಮೇಲೆ ಬರೆದಿಡಿ. 120 ಒತ್ತುಗಳ ಡಬ್ಬಿ, ದಿನಕ್ಕೆ 4 ಒತ್ತಿದರೆ 30 ದಿನಕ್ಕೆ ಮುಗಿಯುತ್ತದೆ.

ಸಾಧನದೊಳಗೆ ಹಾಕಿ ಬಾಯಿಂದ ಎಳೆದುಕೊಳ್ಳುವ ಪುಡಿ ಔಷಧದ ಕ್ಯಾಪ್ಸೂಲಿನದು ಬೇರೆ ಕತೆ. ಮೊದಲನೆಯದಾಗಿ, ಅದನ್ನು ನುಂಗುವವರಿದ್ದಾರೆ! ಔಷಧದಂಗಡಿಯಲ್ಲಿ ಯಾರೂ ಹೇಳದಿದ್ದರೆ ಕ್ಯಾಪ್ಸೂಲ್ ಕಂಡಾಗ ನೀರು ಕುಡಿದು ನುಂಗುವುದು ಸಹಜವೇ. ಎರಡನೆಯದಾಗಿ, ಸ್ಪೇಸರಿನಲ್ಲಿ ನಿಧಾನವಾಗಿ ಎಳೆಯಬೇಕಾದರೆ ಇಲ್ಲಿ ಜೋರಾಗಿ, ಒಮ್ಮೆಗೇ ಎಳೆಯಬೇಕು. ಪುಡಿ ಚದುರಿ ಒಳಗೆ ಹೋಗುವುದು ಎಳೆತದ ಬಲದಿಂದ. ತೀರ ಸೊರಗಿದ ಹಿರಿಯರಿಗೆ ಆ ಬಲ ಇರುವುದಿಲ್ಲ. ಎಳೆದ ಮೇಲೆ ಸಾಧನ ಬಿಚ್ಚಿ ನೋಡಿದರೆ ಅರ್ಧ ಪುಡಿ ಅಲ್ಲೇ ಕೂತಿರುತ್ತದೆ. ಮತ್ತೊಮ್ಮೆ ಎಳೆಯಲಿ. ಆಗಲೂ ಉಳಿದರೆ ವೈದ್ಯರಿಗೆ ಹೇಳಿ ಸ್ಪೇಸರ್ ಪಂಪಿಗೆ ಬದಲಿಸಿಕೊಳ್ಳಿ. ಸಾಧನದೊಳಗೆ ಉಸಿರು ಬಿಡಬಾರದು, ಬಾಯಿಯ ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಈ ತೊಂದರೆ ಇಮ್ಮಡಿ. ಕ್ಯಾಪ್ಸೂಲನ್ನು ಅದರ ಡಬ್ಬಿಯಿಂದ ಆಯಾ ಹೊತ್ತಿಗೆ ಒಂದೊಂದೇ ತೆಗೆಯಿರಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ, ತೊಳೆದ ಸಾಧನ ಪೂರ್ತಿ ಒಣಗದೆ ಬಳಸಬೇಡಿ.

ಸ್ಟೀರಾಯ್ಡ್ ಇರುವ ಪಂಪಾದರೆ ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಬೇಕು, ಹಲ್ಲಿನ ಸೆಟ್ ಇದ್ದವರು ಅದನ್ನು ತೆಗೆದು ತೊಳೆಯಬೇಕು. ಇಲ್ಲದಿದ್ದರೆ ನಾಲಗೆಯ ಮೇಲೆ ಬಿಳಿ ಬೂಷ್ಟು ಬಂದು ಊಟ ಸೇರದಂತಾಗುತ್ತದೆ. ದಿನಾ ತೆಗೆದುಕೊಳ್ಳುವ ಪಂಪ್ ಯಾವುದು, ದಮ್ಮು ಹೆಚ್ಚಾದಾಗ ಮಾತ್ರ ಬಳಸುವ ಪಂಪ್ ಯಾವುದು ಎಂಬ ಗೊಂದಲವೂ ಸಾಮಾನ್ಯ. ಎರಡಕ್ಕೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿಡಿ.

ವೈದ್ಯರ ಮುಂದೆ ಎಲ್ಲ ಔಷಧ ಸುರಿದು ತೋರಿಸುವಾಗ ಕಣ್ಣಿನ ಹನಿಯನ್ನು ಮರೆಯಬೇಡಿ. ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾಗೆ ಕೊಡುವ ಟಿಮೋಲಾಲ್ ಹನಿ ಕಣ್ಣಿನಿಂದ ರಕ್ತಕ್ಕೆ ಇಳಿದು ಶ್ವಾಸನಾಳವನ್ನು ಬಿಗಿಮಾಡಬಲ್ಲದು. ದಮ್ಮಿಗೆಂದು ಥಿಯೋಫಿಲಿನ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರಿಗೆ ಸಿಪ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟರೆ ಥಿಯೋಫಿಲಿನ್ ರಕ್ತದಲ್ಲಿ ಏರಿ ವಾಕರಿಕೆ, ನಿದ್ದೆಗೇಡು, ಎದೆಬಡಿತ ಬರುತ್ತದೆ. ನಾಳ ಹಿಗ್ಗಿಸುವ ಟಿಯೋಟ್ರೋಪಿಯಂ ಪಂಪ್ ಬಳಸುವ ಅಜ್ಜಂದಿರಿಗೆ ಮೂತ್ರ ಕಟ್ಟಿದರೆ ಅದನ್ನೂ ತಕ್ಷಣ ಹೇಳಬೇಕು.

ಔಷಧ ನಾಳವನ್ನು ತೆರೆಯುತ್ತದೆ, ಅಷ್ಟೇ. ದಿನಗಳನ್ನು ವಾಪಸು ಕೊಡುವುದು ಕಾಲಿನ ಬಲ. ದಮ್ಮು ಬರುತ್ತದೆಂದು ಕೂತರೆ ತೊಡೆಯ ಸ್ನಾಯು ಕರಗುತ್ತದೆ. ಕರಗಿದ ಸ್ನಾಯು ಅದೇ ಕೆಲಸಕ್ಕೆ ಹೆಚ್ಚು ಉಸಿರು ಕೇಳುತ್ತದೆ, ದಮ್ಮು ಇನ್ನೂ ಹೆಚ್ಚುತ್ತದೆ, ಇನ್ನೂ ಕೂರುತ್ತಾರೆ. “ಪಾಪ, ಸುಸ್ತಾಗುತ್ತೆ, ನೀವು ಕೂತ್ಕೊಳ್ಳಿ ಅಮ್ಮ” ಎಂದು ಪ್ರೀತಿಯಿಂದ ಹೇಳುವ ಮನೆಯವರಿಗೆ ಇದನ್ನು ಅರ್ಥಮಾಡಿಸುವುದೇ ಕಷ್ಟ. ಸಿಒಪಿಡಿಯಲ್ಲಿ ನಡೆದು ಏದುಸಿರು ಬಂದರೆ ಶ್ವಾಸಕೋಶ ಹಾಳಾಗುವುದಿಲ್ಲ. ಹೃದಯದ ತೊಂದರೆ ಇಲ್ಲವೆಂದು ವೈದ್ಯರು ಹೇಳಿದ ಮೇಲೆ ಧೈರ್ಯವಾಗಿ ನಡೆಸಿ.

ನಡೆಯುವ 15 ನಿಮಿಷ ಮೊದಲು, ವೈದ್ಯರು ಹೇಳಿದ್ದರೆ, ನಾಳ ಹಿಗ್ಗಿಸುವ ಪಂಪ್ ತೆಗೆದುಕೊಳ್ಳಲಿ. ಮನೆ ಮುಂದಿನ ಸಮತಟ್ಟು ಜಾಗ ಸಾಕು. ಮೊದಲ ವಾರ 2 ನಿಮಿಷ ನಡಿಗೆ, 1 ನಿಮಿಷ ನಿಲ್ಲುವುದು, ಹೀಗೆ ನಾಲ್ಕೈದು ಸುತ್ತು. ನಿಲ್ಲುವ ಜಾಗದಲ್ಲಿ ಕುರ್ಚಿ ಇಟ್ಟಿರಿ, ಇದೆಯೆಂಬ ಧೈರ್ಯಕ್ಕೇ ಎಷ್ಟೋ ಜನ ಮುಂದೆ ನಡೆಯುತ್ತಾರೆ. ವಾರ ವಾರ ನಡಿಗೆಯನ್ನು ಒಂದೆರಡು ನಿಮಿಷ ಹೆಚ್ಚಿಸುತ್ತ, ಎರಡು ತಿಂಗಳಲ್ಲಿ 20–30 ನಿಮಿಷಕ್ಕೆ ತರಬಹುದು. ವಾರಕ್ಕೆ ಐದು ದಿನ. ವೇಗದ ಅಳತೆ ಸರಳ: ನಡೆಯುತ್ತ ಒಂದು ಚಿಕ್ಕ ವಾಕ್ಯ ಆಡಲು ಬರಬೇಕು, ಹಾಡು ಹೇಳಲು ಆಗಬಾರದು. ಆರಾಮವಾಗಿ ಹರಟುತ್ತಿದ್ದರೆ ವೇಗ ಸಾಲದು, ಒಂದು ಪದಕ್ಕೇ ಉಸಿರು ಕಟ್ಟಿದರೆ ಹೆಚ್ಚಾಯಿತು. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಬೇಕು.

ಇದರ ಜೊತೆಗೆ ಗೋಡೆಗೆ ಒರಗಿಸಿಟ್ಟ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 5 ಸಲದಿಂದ ಶುರುವಾಗಿ 10ಕ್ಕೆ, ದಿನಕ್ಕೆ ಎರಡು ಬಾರಿ. ಅರ್ಧ ಲೀಟರ್ ನೀರಿನ ಬಾಟಲಿ ಸರಿಸುಮಾರು ಅರ್ಧ ಕೆ.ಜಿ.; ಎರಡು ಕೈಯಲ್ಲಿ ಒಂದೊಂದು ಹಿಡಿದು ಭುಜದೆತ್ತರಕ್ಕೆ 10 ಸಲ ಎತ್ತಲಿ. ಸುಧಾರಣೆ ತಿಳಿಯಲು ತಿಂಗಳಿಗೊಮ್ಮೆ 6 ನಿಮಿಷದಲ್ಲಿ ಎಷ್ಟು ದೂರ ನಡೆದರು ಎಂದು ಅಳೆಯಿರಿ. 30 ಮೀಟರ್ ಹೆಚ್ಚಾದರೂ ಅದು ನಿಜವಾದ ಬದಲಾವಣೆಯೇ.

ಉಸಿರು ಬಿಡುವ ರೀತಿಯನ್ನೂ ಕಲಿಸಬೇಕು. ಮೂಗಿನಿಂದ ಎರಡು ಎಣಿಸುವಷ್ಟು ಎಳೆದು, ಶಿಳ್ಳೆ ಹಾಕುವಂತೆ ತುಟಿ ಮುಂದೆ ಮಾಡಿ ನಾಲ್ಕು ಎಣಿಸುವಷ್ಟು ನಿಧಾನವಾಗಿ ಬಿಡುವುದು. ಹೀಗೆ ಬಿಟ್ಟಾಗ ನಾಳಗಳು ಬೇಗ ಮುಚ್ಚಿಕೊಳ್ಳದೆ, ಸಿಕ್ಕಿಬಿದ್ದ ಗಾಳಿ ಹೊರಬರುತ್ತದೆ. ಶ್ರಮ ಬೀಳುವ ಕ್ಷಣದಲ್ಲಿ ಉಸಿರು ಹೊರಗಿರಬೇಕು: ಮೆಟ್ಟಿಲು ಹತ್ತುವಾಗ ನಿಂತು ಎಳೆದುಕೊಂಡು, ಬಿಡುತ್ತ ಒಂದೆರಡು ಮೆಟ್ಟಿಲು ಏರುವುದು. ಕುರ್ಚಿಯಿಂದ ಏಳುವಾಗಲೂ ಹಾಗೇ. ದಮ್ಮು ಹತ್ತಿದಾಗ ಮಲಗಿಸಬೇಡಿ. ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೋ ಮೇಜಿನ ಮೇಲೋ ಊರಿ ಕೂರಲಿ. ಚಿಕ್ಕ ಫ್ಯಾನಿನ ಗಾಳಿ ಮುಖಕ್ಕೆ, ಮೂಗು ಮತ್ತು ಕೆನ್ನೆಯ ಸುತ್ತ ಬಿದ್ದರೆ ಏದುಸಿರಿನ ಸಂಕಟ ಕಡಿಮೆಯಾಗುತ್ತದೆ. ಖರ್ಚಿಲ್ಲದ ಈ ಉಪಾಯವನ್ನು ಜನ ಬಳಸುವುದು ಕಡಿಮೆ.

ದಿನದ ಕೆಲಸಗಳಲ್ಲಿ ಅತ್ಯಂತ ದುಬಾರಿಯಾದದ್ದು ಸ್ನಾನ. ಕೈ ತಲೆಯ ಮೇಲೆತ್ತಿದಾಗ ಭುಜ ಮತ್ತು ಕುತ್ತಿಗೆಯ ಸ್ನಾಯುಗಳು ಉಸಿರಾಟಕ್ಕೆ ನೆರವಾಗುವುದು ನಿಲ್ಲುತ್ತದೆ. ನಿಂತು, ತುಂಬಿದ ಚೊಂಬೆತ್ತಿ ತಲೆಗೆ ಹುಯ್ದುಕೊಳ್ಳುವುದು, ಬಗ್ಗಿ ಕಾಲು ಉಜ್ಜುವುದು, ಮುಚ್ಚಿದ ಬಚ್ಚಲಿನ ಹಬೆ, ಎಲ್ಲ ಒಟ್ಟಿಗೆ ಬರುತ್ತವೆ. ಹಿಡಿಯಿರುವ ಚಿಕ್ಕ ಮಗ್ಗು, ಜಾರದ ಸ್ಟೂಲು, ತೆರೆದ ಕಿಟಕಿ, ಚಿಲಕ ಹಾಕದ ಬಾಗಿಲು, ಇಷ್ಟಾದರೆ ಅರ್ಧ ಕಷ್ಟ ಕಳೆಯಿತು. ತಲೆಸ್ನಾನಕ್ಕೆ ಯಾರಾದರೂ ನೆರವಾಗಲಿ. ಮೈ ಒರೆಸಿಕೊಳ್ಳುವ ಬದಲು ದೊಡ್ಡ ಟವೆಲ್ ಹೊದ್ದು ಐದು ನಿಮಿಷ ಕೂತರೆ ನೀರು ತಾನೇ ಹೀರಿಕೊಳ್ಳುತ್ತದೆ. ಪಂಚೆ, ಸೀರೆ ಉಡುವುದನ್ನೂ ಆದಷ್ಟು ಕೂತೇ ಮಾಡಲಿ. ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯ ಇರುವಲ್ಲಿ ಕಮೋಡ್ ಕುರ್ಚಿ ಇಡಿ.

ಬಚ್ಚಲ ಮಾತು ಬಂದದ್ದರಿಂದ ಹಂಡೆ ಒಲೆಯ ಮಾತನ್ನೂ ಆಡಲೇಬೇಕು. ಅಡುಗೆಗೆ ಗ್ಯಾಸ್ ಬಂದಿದೆ, ಹೊಗೆ ಹೋಯಿತು ಎಂದುಕೊಂಡ ಎಷ್ಟೋ ಮನೆಗಳಲ್ಲಿ ಬೆಳಗ್ಗೆ ಐದಕ್ಕೆ ಹಂಡೆಗೆ ಉರಿ ಹಾಕುವುದು ಅಜ್ಜಿಯೇ. ಹಸಿ ಸೌದೆ, ತೆಂಗಿನ ಗರಿ, ಅಡಿಕೆ ಸೋಗೆ, ಕೆಲವೊಮ್ಮೆ ಪ್ಲಾಸ್ಟಿಕ್ ಕವರ್ ಕೂಡ. ಸೋಲಾರ್ ಅಥವಾ ಗೀಸರ್ ಸಾಧ್ಯವಿದ್ದರೆ ಮೊದಲು ಅದಕ್ಕೆ ದುಡ್ಡು ಹಾಕಿ. ಇಲ್ಲದಿದ್ದರೆ ಒಲೆಗೆ ಸೂರಿನ ಮೇಲೆ ಹೋಗುವ ಹೊಗೆಕೊಳವೆ ಹಾಕಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಅಸ್ತ್ರ ಒಲೆಯಲ್ಲೂ ಹೊಗೆಕೊಳವೆ ಇತ್ತು. ಇಂಥ ಯಾವ ಒಲೆಯೂ ಮಸಿ ತೆಗೆಯದೆ ಬಿಟ್ಟರೆ ಹೊಗೆಯನ್ನು ಒಳಕ್ಕೇ ಉಗುಳುತ್ತದೆ. ಮಲಗುವ ಕೋಣೆಯ ಸೊಳ್ಳೆ ಬತ್ತಿಯನ್ನು ಇಂದೇ ತೆಗೆಯಿರಿ. ಒಂದು ಬತ್ತಿ ಪೂರ್ತಿ ಉರಿದರೆ ಹೊರಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು 2003ರಲ್ಲಿ ಪ್ರಕಟವಾದ ಅಳತೆಯೊಂದು ಹೇಳುತ್ತದೆ. ಪರದೆ ಕಟ್ಟಿ. ಬೀಡಿ ಬಿಡುವುದಕ್ಕೆ ಎಪ್ಪತ್ತಾದರೂ ತಡವಲ್ಲ, ಶ್ವಾಸಕೋಶ ಕುಸಿಯುವ ವೇಗ ಬಿಟ್ಟ ಮೇಲೆ ತಗ್ಗುತ್ತದೆ. ಉಚಿತ ಸಹಾಯವಾಣಿ 1800-11-2356.

ಊಟದಲ್ಲಿ ಮುಖ್ಯ ತಪ್ಪು ಒಂದೇ. ಕಫವಾಗುತ್ತದೆಂದು ಹಾಲು, ಮೊಸರು, ಬಾಳೆಹಣ್ಣು, ಮೊಟ್ಟೆ ಎಲ್ಲ ಬಿಡಿಸಿ ಬರೀ ತಿಳಿಸಾರು ಅನ್ನಕ್ಕೆ ತಂದು ನಿಲ್ಲಿಸುವುದು. ಸಿಒಪಿಡಿಯಲ್ಲಿ ತೂಕ ಇಳಿಯುವುದು ಕೆಟ್ಟ ಸೂಚನೆ. ಬೇಳೆ, ಮೊಳಕೆ ಕಾಳು, ಮೊಟ್ಟೆ, ಮೊಸರು ದಿನವೂ ಇರಲಿ. ಹೊಟ್ಟೆ ತುಂಬಿದರೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆ) ಮೇಲಕ್ಕೆ ಒತ್ತಿ ಉಸಿರು ಕಟ್ಟುವುದರಿಂದ ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ ಕೊಡಿ. ನೆಟ್ಟಗೆ ಕೂತು ಉಣ್ಣಲಿ, ಉಂಡ ಅರ್ಧ ಗಂಟೆ ಮಲಗದಿರಲಿ. ನುಂಗುವಾಗ ಪದೇ ಪದೇ ಕೆಮ್ಮು ಬಂದರೆ ಅನ್ನ ನೀರು ಶ್ವಾಸನಾಳಕ್ಕೆ ಇಳಿಯುತ್ತಿರಬಹುದು, ನ್ಯುಮೋನಿಯಾಗೆ ಅದೊಂದು ದೊಡ್ಡ ದಾರಿ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೋನಿಯಾ ತಡೆಯುವ ನ್ಯುಮೋಕಾಕಸ್ ಲಸಿಕೆ ವೈದ್ಯರು ಹೇಳಿದ ಕ್ರಮದಲ್ಲಿ.

ಆಕ್ಸಿಜನ್ ಯಂತ್ರವನ್ನು ಕೋವಿಡ್ ನಂತರ ಮನೆಗೆ ತಂದಿಟ್ಟುಕೊಂಡವರು ಬಹಳ. ದಮ್ಮು ಬಂದಾಗಲೆಲ್ಲ ಹಚ್ಚುವ ಸಾಧನ ಅದಲ್ಲ. ಕಾಯಿಲೆ ಸ್ಥಿರವಾಗಿರುವಾಗ, ಸುಮ್ಮನೆ ಕೂತಿದ್ದಾಗಲೂ ರಕ್ತದ ಆಕ್ಸಿಜನ್ ಮಟ್ಟ ಶೇ. 88 ಅಥವಾ ಅದಕ್ಕಿಂತ ಕೆಳಗಿರುವವರಿಗೆ, ರಕ್ತಪರೀಕ್ಷೆಯಲ್ಲಿ ಖಚಿತವಾದ ಮೇಲೆ, ದಿನಕ್ಕೆ ಕನಿಷ್ಠ 15 ಗಂಟೆ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆ. 89ರಿಂದ 93ರ ನಡುವೆ ಇರುವವರಿಗೆ ಆ ಲಾಭ ಇಲ್ಲವೆಂದು 2016ರಲ್ಲಿ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತು. ಬೆರಳಿನ ಮೀಟರನ್ನು ಬಣ್ಣ ಹಚ್ಚದ ಉಗುರಿಗೆ, ಕೈ ಬೆಚ್ಚಗಿರುವಾಗ ಹಾಕಿ, ಅಂಕಿ ಸ್ಥಿರವಾಗುವವರೆಗೆ ಕಾಯಿರಿ. ಯಂತ್ರದ ಹಿಂದಿನ ಜಾಲರಿಯನ್ನು ವಾರಕ್ಕೊಮ್ಮೆ ತೊಳೆದು ಒಣಗಿಸಿ. ತೇವದ ಬಾಟಲಿಯ ನೀರು ಡಿಸ್ಟಿಲ್ಡ್ ಅಥವಾ ಕುದಿಸಿ ಆರಿಸಿದ್ದಿರಲಿ, ದಿನಾ ಬದಲಿಸಿ. ದೇವರ ದೀಪ, ಊದುಬತ್ತಿ, ಒಲೆ, ಬೀಡಿ ಯಾವುದೂ ಹತ್ತಿರ ಸುಳಿಯಬಾರದು. ಮೂಗು ಒಣಗುತ್ತದೆಂದು ವ್ಯಾಸಲಿನ್, ಎಣ್ಣೆ ಸವರಬಾರದು. 5 ಲೀಟರಿನ ಯಂತ್ರ 300–350 ವ್ಯಾಟ್ ಎಳೆಯುತ್ತದೆ, ಮನೆಯ ಇನ್ವರ್ಟರ್ ಕೆಲವೇ ಗಂಟೆ ತಡೆದೀತು. ಹಾಗಾಗಿ ಕರೆಂಟ್ ಹೋದಾಗಿನ ಪಾಡಿಗೆ ಒಂದು ಬಿ-ಟೈಪ್ ಸಿಲಿಂಡರ್ ಇರಲಿ. ಅದರಲ್ಲಿ ಸುಮಾರು 1,500 ಲೀಟರ್ ಅನಿಲ. ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ.

ಕಾಯಿಲೆ ಕೆರಳುವ ಲಕ್ಷಣ ಮೂರು: ದಮ್ಮು ಎಂದಿಗಿಂತ ಹೆಚ್ಚು, ಕಫ ಹೆಚ್ಚು, ಕಫದ ಬಣ್ಣ ಹಳದಿ ಹಸಿರಿಗೆ ತಿರುಗುವುದು. ಇವು ಕಂಡ ದಿನವೇ ವೈದ್ಯರನ್ನು ಕಾಣಿ. ಐದು ದಿನದ ಸ್ಟೀರಾಯ್ಡ್ ಮಾತ್ರೆ ಬರೆದರೆ ಐದೇ ದಿನ. ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ತಂದರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ಹಿರಿಯರಿಗೆ ನ್ಯುಮೋನಿಯಾ ಜ್ವರವಿಲ್ಲದೆ, ಬರೀ ಮಂಕಾಗಿ, ಊಟ ಬಿಟ್ಟು ಬರಬಹುದು. ಎರಡು ವಾರ ಮೀರಿದ ಕೆಮ್ಮಿದ್ದರೆ, ಕ್ಷಯವಿದೆಯೇ ಎಂದು ತಿಳಿಯಲು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡಿಸಿ.

ತುಟಿ ನೀಲಿಯಾಗುವುದು, ಒಂದು ವಾಕ್ಯ ಮುಗಿಸಲಾಗದಿರುವುದು, ತೂಕಡಿಕೆ, ತಡಬಡಿಸುವ ಮಾತು, ಇವು ಕಂಡರೆ 108ಕ್ಕೆ ಕರೆ ಮಾಡಿ. ಫೋನಿನ ಪಕ್ಕ ಒಂದು ಕಾಗದ ಅಂಟಿಸಿಡಿ: ಕಾಯಿಲೆಯ ಹೆಸರು, ಪಂಪ್‌ಗಳ ಹೆಸರು, ಚೆನ್ನಾಗಿರುವಾಗಿನ ಆಕ್ಸಿಜನ್ ಅಂಕಿ. ವೈದ್ಯರನ್ನು ಕೇಳಿ ಇನ್ನೊಂದು ಸಾಲನ್ನು ದೊಡ್ಡಕ್ಷರದಲ್ಲಿ ಬರೆಯಿರಿ: “ಸಿಒಪಿಡಿ ಇದೆ, ಆಕ್ಸಿಜನ್ ಗುರಿ 88–92.” ಬೇಕಾದ್ದಕ್ಕಿಂತ ಹೆಚ್ಚು ಆಕ್ಸಿಜನ್ ಕೊಟ್ಟರೆ ಇಂಥವರಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಎಚ್ಚರ ತಪ್ಪಬಹುದು. ಆಂಬುಲೆನ್ಸಿನವರಿಗೆ ಮೊದಲು ತೋರಿಸಬೇಕಾದ ಸಾಲು ಅದು.